ಮೂಳೆಯ ಸಾಕ್ಷ್ಯ: ಮರುಕಳಿಸಿದ ಪ್ರಾಸ್ಟೇಟ್ ಕ್ಯಾನ್ಸರಿನ ಚಿತ್ರಣದ ಚರಿತ್ರೆ ಮತ್ತು ನಂದಿ ಸೀಮೆ

ನಂದಿ ಬೆಟ್ಟದ ಸುತ್ತಣ ಪ್ರದೇಶವನ್ನು ನದಿಗಳ ತವರೆಂದು ಬಣ್ಣಿಸುವುದು ವಾಡಿಕೆ. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ ಮೊದಲಾದವು ಈ ಬೆಟ್ಟಸಾಲಿನಲ್ಲಿಯೇ ಹುಟ್ಟುತ್ತವೆ. ಆದರೆ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೆರೆಗಳು ಬತ್ತತೊಡಗಿದಂತೆ ಜನರು ಕೊಳವೆ ಬಾವಿಗಳನ್ನು ಆಶ್ರಯಿಸಿದರು. ಕೊಳವೆ ಬಾವಿಗಳು ಆಳವಾದಂತೆ ನೀರಿನಲ್ಲಿ ಫ್ಲೋರೈಡ್ ಅಂಶ ಕಾಣಿಸಿಕೊಂಡಿತು. ಕೋಲಾರ ಜಿಲ್ಲೆಯಿಂದ 2007ರಲ್ಲಿ ಬೇರ್ಪಟ್ಟು ರೂಪುಗೊಂಡ ಚಿಕ್ಕಬಳ್ಳಾಪುರ ಜಿಲ್ಲೆಯ ಆರೋಗ್ಯ ಚರಿತ್ರೆಯಲ್ಲಿ ಈ ಫ್ಲೋರೈಡ್ ಒಂದು ಮುಖ್ಯ ಅಧ್ಯಾಯವಾಗಿದೆ. ಹಲ್ಲಿನ ಕಲೆ ಹಾಗೂ ಕೀಲುನೋವುಗಳ ಸಂದರ್ಭದಲ್ಲಿ ಈ ವಿಷಯ ಸಾಕಷ್ಟು ಚರ್ಚೆಗೊಳಗಾಗಿದೆ. ಕ್ಯಾನ್ಸರ್ ಚಿಕಿತ್ಸೆಯ ಸಂದರ್ಭದಲ್ಲಿ ಅದಕ್ಕಿರುವ ಮಹತ್ವದತ್ತ ಗಮನ ಹರಿದದ್ದು ಕಡಿಮೆ.

ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರು ಚಿಕಿತ್ಸೆಯ ನಂತರ ಮರುಕಳಿಸಿದಾಗ ಅದು ಮೂಳೆಗೆ ಹರಡಿದೆಯೆ ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ. ಈ ನಿರ್ಧಾರಕ್ಕೆ ವೈದ್ಯಕೀಯ ಚಿತ್ರಣವೇ ಆಧಾರ. ಶತಮಾನಕ್ಕೂ ಹೆಚ್ಚು ಕಾಲದ ಈ ಚಿತ್ರಣದ ಚರಿತ್ರೆಯನ್ನು ಅವಲೋಕಿಸಿದಾಗ ಒಂದು ಅಂಶ ಸ್ಪಷ್ಟವಾಗುತ್ತದೆ. ಬಹುಕಾಲ ಬಳಕೆಯಲ್ಲಿದ್ದ ಉಪಕರಣಗಳೆಲ್ಲ ಕ್ಯಾನ್ಸರಿಗೆ ಮೂಳೆಯು ತೋರುವ ಪ್ರತಿಕ್ರಿಯೆಯನ್ನು ಕಾಣಿಸುತ್ತಿದ್ದವೇ ಹೊರತು ಕ್ಯಾನ್ಸರನ್ನು ನೇರವಾಗಿ ಕಾಣಿಸುತ್ತಿರಲಿಲ್ಲ. ಫ್ಲೋರೈಡಿಗೂ ಮೂಳೆಯು ಹೆಚ್ಚುಕಡಿಮೆ ಅದೇ ಬಗೆಯ ಪ್ರತಿಕ್ರಿಯೆಯನ್ನು ತೋರುತ್ತದೆ. ಆದ್ದರಿಂದ ನಂದಿ ಸೀಮೆಯಂತಹ ಪ್ರದೇಶದಲ್ಲಿ ಈ ಚಿತ್ರಗಳನ್ನು ಓದಲು ರೋಗಿಯ ದೇಹದ ಇತಿಹಾಸದ ಜೊತೆಗೆ ಆತನ ಊರಿನ ನೀರಿನ ಇತಿಹಾಸವೂ ತಿಳಿದಿರಬೇಕಾಗುತ್ತದೆ.

ಮೂಳೆಯೊಡನೆ ರೋಗದ ನಂಟು

ಪ್ರಾಸ್ಟೇಟ್ ಕ್ಯಾನ್ಸರಿಗೂ ಮೂಳೆಗೂ ಇರುವ ನಂಟನ್ನು ಜರ್ಮನಿಯ ರೋಗಶಾಸ್ತ್ರಜ್ಞ ಫ್ರೀಡ್ರಿಶ್ ಫಾನ್ ರೆಕ್ಲಿಂಗ್‌ಹೌಸನ್ 1891ರಲ್ಲಿ ವಿವರಿಸಿದನು. ಬಹುಪಾಲು ಕ್ಯಾನ್ಸರುಗಳು ಮೂಳೆಯನ್ನು ಕೊರೆದು ಟೊಳ್ಳಾಗಿಸುತ್ತವೆ. ಪ್ರಾಸ್ಟೇಟಿನ ಕ್ಯಾನ್ಸರಾದರೋ ಮೂಳೆ ಕಟ್ಟುವ ಜೀವಕೋಶಗಳನ್ನು ಕೆರಳಿಸಿ, ಅಲ್ಲಲ್ಲಿ ಅಸಹಜವಾದ ದಟ್ಟ ಮೂಳೆಯನ್ನು ಬೆಳೆಸುತ್ತದೆ. ಬೆನ್ನುಹುರಿಯ ಕಂಬ, ಸೊಂಟದ ಮೂಳೆ ಮತ್ತು ಪಕ್ಕೆಲುಬುಗಳಲ್ಲಿಯೇ ಇದು ಹೆಚ್ಚಾಗಿ ನೆಲೆಗೊಳ್ಳುವುದೇಕೆ ಎಂಬ ಪ್ರಶ್ನೆಗೆ ಅಮೆರಿಕದ ಅಂಗರಚನಾಶಾಸ್ತ್ರಜ್ಞ ಆಸ್ಕರ್ ಬ್ಯಾಟ್ಸನ್ 1940ರಲ್ಲಿ ಒಂದು ಉತ್ತರವನ್ನು ನೀಡಿದನು. ಕಿಬ್ಬೊಟ್ಟೆಯ ಅಭಿಧಮನಿಗಳಿಗೂ ಬೆನ್ನುಮೂಳೆಯ ಸುತ್ತಣ ಅಭಿಧಮನಿಗಳ ಜಾಲಕ್ಕೂ ಸಂಪರ್ಕವಿದೆ. ಈ ಜಾಲದಲ್ಲಿ ಕವಾಟಗಳಿಲ್ಲದಿರುವುದರಿಂದ ರಕ್ತವು ಎರಡೂ ದಿಕ್ಕಿಗೆ ಹರಿಯಬಲ್ಲದು ಎಂಬುದೇ ಆ ಉತ್ತರ. ಮುಂದಿನ ಸಂಶೋಧನೆಗಳು ಮೂಳೆಮಜ್ಜೆಯ ಪರಿಸರವೇ ಈ ಜೀವಕೋಶಗಳಿಗೆ ಒಗ್ಗುತ್ತದೆ ಎಂಬ ಅಂಶವನ್ನೂ ಸೇರಿಸಿದವು.

1938ರಲ್ಲಿ ಅಲೆಗ್ಸಾಂಡರ್ ಗಟ್ಮನ್ ಮತ್ತು ಎಥೆಲ್ ಗಟ್ಮನ್ ಅವರು ಮೂಳೆಗೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಗಳ ರಕ್ತದಲ್ಲಿ ಆ್ಯಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚುವುದನ್ನು ತೋರಿಸಿದರು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ ಅವರು ವೃಷಣಗಳನ್ನು ತೆಗೆಯುವುದರಿಂದ ಅಥವಾ ಸ್ತ್ರೀ ಹಾರ್ಮೋನನ್ನು ಕೊಡುವುದರಿಂದ ಆ ಕಿಣ್ವ ಇಳಿಯುವುದನ್ನೂ ರೋಗ ತಗ್ಗುವುದನ್ನೂ ನಿರೂಪಿಸಿದರು. ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಪುರಸ್ಕಾರ ದೊರೆಯಿತು. ರಕ್ತಪರೀಕ್ಷೆಯ ಮೂಲಕ ರೋಗದ ಏರಿಳಿತವನ್ನು ಅಳೆಯುವ ಪರಿಪಾಠಕ್ಕೆ ಹೀಗೆ ತಳಹದಿ ಬಿದ್ದಿತು. ರಕ್ತವು ರೋಗವಿದೆ ಎಂದು ಹೇಳಬಲ್ಲದಾಗಿದ್ದರೂ ಅದು ಎಲ್ಲಿದೆ ಎಂದು ಹೇಳಲಾರದು. ಆ ಕೆಲಸ ಚಿತ್ರಣಕ್ಕೆ ಸೇರಿದ್ದಾಯಿತು.

ಕ್ಷ-ಕಿರಣ ಮತ್ತು ನೆಲ್ಲೂರಿನ ಮೂಳೆಗಳು

ರಂಟ್‌ಜನ್ 1895ರಲ್ಲಿ ಕಂಡುಹಿಡಿದ ಕ್ಷ-ಕಿರಣವು ಜೀವಂತ ಮೂಳೆಯನ್ನು ಕಾಣುವ ಮೊದಲ ಸಾಧನ. ಆದರೆ ಕ್ಷ-ಕಿರಣ ಚಿತ್ರವು ತಡವಾಗಿ ಸಾಕ್ಷ್ಯ ನುಡಿಯುವಂಥದು. ಮೂಳೆಯ ಖನಿಜಾಂಶದಲ್ಲಿ ಸುಮಾರು ಶೇಕಡಾ 30ರಿಂದ 50ರಷ್ಟು ವ್ಯತ್ಯಾಸವಾಗುವವರೆಗೆ ರೋಗದ ಗುರುತು ಅದರಲ್ಲಿ ಕಾಣಿಸುವುದಿಲ್ಲ. ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಯ ಬೆನ್ನುಮೂಳೆ ಚಿತ್ರದಲ್ಲಿ ಸುಣ್ಣ ಬಳಿದಂತೆ ಬೆಳ್ಳಗೆ ಕಾಣುವ ಹೊತ್ತಿಗೆ ರೋಗ ಬಹುದೂರ ಸಾಗಿರುತ್ತದೆ.

ಈ ಬಿಳುಪಿಗೆ ಇನ್ನೊಂದು ಕಾರಣವೂ ಇರಬಹುದೆಂಬುದು ದಕ್ಷಿಣ ಭಾರತದಲ್ಲಿಯೇ ಸಿದ್ಧವಾಯಿತು. ಎಚ್.ಇ. ಶಾರ್ಟ್, ಸಿ.ಜಿ. ಪಂಡಿತ್ ಮತ್ತು ಟಿ.ಎನ್.ಎಸ್. ರಾಘವಾಚಾರಿ ಅವರು 1937ರಲ್ಲಿ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಪ್ರಚಲಿತವಾಗಿದ್ದ ಮೂಳೆಯ ಬೇನೆಯೊಂದನ್ನು ವರದಿ ಮಾಡಿ, ಅದು ಕುಡಿಯುವ ನೀರಿನ ಫ್ಲೋರೈಡಿನಿಂದ ಉಂಟಾದುದೆಂದು ಗುರುತಿಸಿದರು. ಭಾರತದಲ್ಲಿ ಮೂಳೆಯ ಫ್ಲೋರೋಸಿಸ್ ಅಧ್ಯಯನಕ್ಕೆ ಇದೇ ನಾಂದಿ. ನಂದಿಯ ಬಳಿ ಹುಟ್ಟಿ ಗೌರಿಬಿದನೂರಿನ ಮೂಲಕ ಆಂಧ್ರವನ್ನು ಸೇರುವ ಉತ್ತರ ಪಿನಾಕಿನಿಯೇ ಪೆನ್ನಾ ನದಿಯಾಗಿ ನೆಲ್ಲೂರಿನ ಸಮೀಪ ಸಮುದ್ರವನ್ನು ಕೂಡುತ್ತದೆ. ಫ್ಲೋರೈಡನ್ನು ತಂದುದು ನದಿಯಲ್ಲ. ನೆಲದಡಿಯ ಗ್ರಾನೈಟ್ ಮತ್ತು ನೈಸ್ ಶಿಲೆಗಳು. ಬಂಡೆಯ ಬಿರುಕುಗಳಲ್ಲಿ ದೀರ್ಘಕಾಲ ನಿಂತ ನೀರು ಶಿಲೆಯ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ನದಿಯ ತಲೆಗೂ ತುದಿಗೂ ಸಮಾನವಾದ ಈ ಶಿಲಾಗುಣ ಎರಡೂ ಕಡೆಯ ಜನರ ಮೂಳೆಯಲ್ಲಿ ದಾಖಲಾಗಿದೆ.

ಭಾರತೀಯ ಮಾನಕವು ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನು ಸ್ವೀಕಾರಾರ್ಹವೆಂದೂ, ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಸಬಹುದೆಂದೂ ಹೇಳುತ್ತದೆ. ಲೀಟರಿಗೆ 3ರಿಂದ 6 ಮಿಲಿಗ್ರಾಂನಷ್ಟಿರುವ ನೀರನ್ನು ವರ್ಷಗಟ್ಟಲೆ ಕುಡಿದವರಲ್ಲಿ ಮೂಳೆ ದಟ್ಟವಾಗುವ ಸಂಭವವಿದೆ. ಇಂಥ ಮೂಳೆಯ ಕ್ಷ-ಕಿರಣ ಚಿತ್ರವೂ ಬೆಳ್ಳಗೆ ಸುಣ್ಣ ಬಳಿದಂತೆಯೇ ಇರುತ್ತದೆ. ಅನುಭವಿ ವೈದ್ಯರು ಇವೆರಡನ್ನೂ ಬೇರ್ಪಡಿಸಲು ಮುಂಗೈ ಚಿತ್ರವನ್ನು ತೆಗೆಸುತ್ತಾರೆ. ಫ್ಲೋರೋಸಿಸ್ ಇದ್ದವರಲ್ಲಿ ಮುಂಗೈಯ ಎರಡು ಮೂಳೆಗಳ ನಡುವಣ ಪೊರೆಯೂ ಬೆನ್ನು, ಸೊಂಟಗಳ ಅಸ್ಥಿಬಂಧಗಳೂ ಸುಣ್ಣಗಟ್ಟಿರುತ್ತವೆ. ಕ್ಯಾನ್ಸರು ಹಾಗೆ ಮಾಡುವುದಿಲ್ಲ. ಆದರೆ ಫ್ಲೋರೋಸಿಸ್ ಇರುವ ವ್ಯಕ್ತಿಗೆ ಕ್ಯಾನ್ಸರೂ ಬಂದಿರಬಹುದು ಎಂಬ ಸಾಧ್ಯತೆಯನ್ನು ಈ ಪರೀಕ್ಷೆ ಬಗೆಹರಿಸಲಾರದು.

ಐಸೊಟೋಪುಗಳ ಆಗಮನ

ಮೂಳೆಯ ಆಕಾರದ ಬದಲಿಗೆ ಅದರ ಚಟುವಟಿಕೆಯನ್ನೇ ಕಾಣುವ ಪ್ರಯತ್ನ ವಿಕಿರಣಶೀಲ ಐಸೊಟೋಪುಗಳೊಂದಿಗೆ ಆರಂಭವಾಯಿತು. 1961ರಲ್ಲಿ ಫ್ಲೆಮಿಂಗ್ ಮತ್ತು ಸಂಗಡಿಗರು ಸ್ಟ್ರಾನ್ಷಿಯಂ-85ನ್ನು ಬಳಸಿ ಮೂಳೆಯ ಸ್ಕ್ಯಾನ್ ಚಿತ್ರಗಳನ್ನು ಪಡೆದರು. ಕ್ಯಾಲ್ಸಿಯಂ ಬಂಧುವಾದ ಸ್ಟ್ರಾನ್ಷಿಯಂ ಹೊಸ ಮೂಳೆ ಕಟ್ಟುತ್ತಿರುವ ಕಡೆ ಸೇರಿಕೊಳ್ಳುತ್ತದೆ. ಇದರ ಅರ್ಧಾಯುಷ್ಯ ಸುಮಾರು 65 ದಿನ. ರೋಗಿಗೆ ತಗಲುವ ವಿಕಿರಣ ಹೆಚ್ಚು. ಮರುವರ್ಷ ಅಮೆರಿಕದ ಬಫೆಲೊ ನಗರದ ರಾಸ್‌ವೆಲ್ ಪಾರ್ಕ್ ಸಂಸ್ಥೆಯ ಮಾಂಟಿ ಬ್ಲೌ ಮತ್ತು ಸಂಗಡಿಗರು ಫ್ಲೋರಿನ್-18ನ್ನು ಇದೇ ಉದ್ದೇಶಕ್ಕೆ ಬಳಸಿದರು. ಮೂಳೆಯು ಫ್ಲೋರೈಡನ್ನು ಎಳೆದುಕೊಳ್ಳುವ ಗುಣವೇ ಇದಕ್ಕೆ ಆಧಾರ. ನೆಲ್ಲೂರಿನಲ್ಲಿಯೂ ಗೌರಿಬಿದನೂರಿನಲ್ಲಿಯೂ ಮೂಳೆಯನ್ನು ಕೆಡಿಸಿದ ಧಾತುವೇ ವಿಕಿರಣಶೀಲ ರೂಪದಲ್ಲಿ, ಅತ್ಯಲ್ಪ ಪ್ರಮಾಣದಲ್ಲಿ, ಮೂಳೆಯ ನಕ್ಷೆ ಬರೆಯುವ ಮಸಿಯಾಯಿತು.

ಫ್ಲೋರಿನ್-18ರ ಅರ್ಧಾಯುಷ್ಯ ಕೇವಲ 110 ನಿಮಿಷ. ಆದ್ದರಿಂದ ಅದು ಅಂದಿನ ದಿನಗಳಲ್ಲಿ ವ್ಯಾಪಕವಾಗಿ ಬಳಕೆಗೆ ಬರಲಿಲ್ಲ. ಆ ಸ್ಥಾನವನ್ನು ಟೆಕ್ನೀಷಿಯಂ-99ಎಂ ಪಡೆಯಿತು. ಇದರ ಅರ್ಧಾಯುಷ್ಯ 6 ಗಂಟೆ. ಆದರೆ ಇದರ ತಾಯಿಧಾತುವಾದ ಮಾಲಿಬ್ಡಿನಂ-99ರ ಅರ್ಧಾಯುಷ್ಯ 66 ಗಂಟೆ. ತಾಯಿಧಾತುವನ್ನು ದೂರದ ಊರಿಗೆ ಕಳುಹಿಸಿ, ಅಲ್ಲಿನ ಆಸ್ಪತ್ರೆಯಲ್ಲಿಯೇ ಟೆಕ್ನೀಷಿಯಮ್ಮನ್ನು ದಿನದಿನವೂ ‘ಕರೆದುಕೊಳ್ಳುವ’ ವಿಧಾನ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ 1950ರ ದಶಕದ ಅಂತ್ಯಕ್ಕೆ ರೂಪುಗೊಂಡಿತು. ಅದೇ ಸಮಯಕ್ಕೆ ಹಾಲ್ ಆಂಗರ್ ಗಾಮಾ ಕ್ಯಾಮರಾವನ್ನು ನಿರ್ಮಿಸಿದರು. 1971ರಲ್ಲಿ ಭಾರತೀಯ ಮೂಲದ ಗೋಪಾಲ ಸುಬ್ರಮಣಿಯನ್ ಮತ್ತು ಜಾನ್ ಮೆಕಾಫಿ ಅವರು ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸಿನಲ್ಲಿ ಟೆಕ್ನೀಷಿಯಮ್ಮನ್ನು ಫಾಸ್ಫೇಟ್ ಸಂಯುಕ್ತಕ್ಕೆ ಜೋಡಿಸಿ ಮೂಳೆಗೆ ಮುಟ್ಟಿಸುವ ಮಾರ್ಗವನ್ನು ಪ್ರಕಟಿಸಿದರು. ಕೆಲವೇ ವರ್ಷಗಳಲ್ಲಿ ಅವರೇ ಸಿದ್ಧಪಡಿಸಿದ ಎಂ.ಡಿ.ಪಿ. ಎಂಬ ಸಂಯುಕ್ತ ಇಂದಿಗೂ ಬೋನ್ ಸ್ಕ್ಯಾನಿನ ಮುಖ್ಯ ದ್ರವ್ಯವಾಗಿದೆ.

ಭಾರತದಲ್ಲಿ ಈ ವಿದ್ಯೆಗೆ ಟ್ರಾಂಬೆ ಮೂಲನೆಲೆ. 1956ರಲ್ಲಿ ಅಪ್ಸರಾ, 1960ರಲ್ಲಿ ಸೈರಸ್ ರಿಯಾಕ್ಟರುಗಳು ಕಾರ್ಯಾರಂಭ ಮಾಡಿದ ಬಳಿಕ ಐಸೊಟೋಪುಗಳನ್ನು ದೇಶದಲ್ಲಿಯೇ ತಯಾರಿಸುವುದು ಸಾಧ್ಯವಾಯಿತು. 1963ರಲ್ಲಿ ಮುಂಬಯಿಯಲ್ಲಿ ವಿಕಿರಣ ವೈದ್ಯಕೀಯ ಕೇಂದ್ರ ಸ್ಥಾಪನೆಯಾಯಿತು. ಟ್ರಾಂಬೆಯಿಂದ ಬಂದ ಮಾಲಿಬ್ಡಿನಂ ದ್ರಾವಣದಿಂದ ದ್ರಾವಕದ ನೆರವಿನಲ್ಲಿ ಟೆಕ್ನೀಷಿಯಮ್ಮನ್ನು ಬೇರ್ಪಡಿಸಿಕೊಳ್ಳುವ ಸರಳ ವಿಧಾನವನ್ನು ಭಾರತದ ಆಸ್ಪತ್ರೆಗಳು ಬಹುಕಾಲ ಅನುಸರಿಸಿದವು. ಕರ್ನಾಟಕದಲ್ಲಿ 1973ರಲ್ಲಿ ಆರಂಭಗೊಂಡು 1980ರಲ್ಲಿ ಸ್ವಾಯತ್ತ ಸಂಸ್ಥೆಯಾದ ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂತಿ ಸಂಸ್ಥೆಯು ಬೆಂಗಳೂರಿನ ಸುತ್ತಣ ಜಿಲ್ಲೆಗಳ ಕ್ಯಾನ್ಸರ್ ರೋಗಿಗಳಿಗೆ ಮುಖ್ಯ ಆಸರೆಯಾಯಿತು.

1971ರ ಬೆಂಗಳೂರು ಮತ್ತು ಗೌರಿಬಿದನೂರಿನ ಆಂಟೆನಾಗಳು

ಸುಬ್ರಮಣಿಯನ್ ಅವರ ಸಂಶೋಧನೆ ಪ್ರಕಟವಾದ 1971ರಲ್ಲಿಯೇ ಬೆಂಗಳೂರಿನಿಂದಲೂ ಒಂದು ಮಹತ್ವದ ಕೊಡುಗೆ ಸಂದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಅವರು ಹಲವು ಕೋನಗಳಿಂದ ಪಡೆದ ನೆರಳುಚಿತ್ರಗಳಿಂದ ವಸ್ತುವಿನ ಒಳಭಾಗವನ್ನು ಮರುರಚಿಸುವ ಗಣಿತ ವಿಧಾನವೊಂದನ್ನು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ನಡಾವಳಿಗಳಲ್ಲಿ ಪ್ರಕಟಿಸಿದರು. ಅಂದಿನ ಗಣಕಗಳಿಗೆ ಹೊರೆಯಾಗಿದ್ದ ದೀರ್ಘ ಲೆಕ್ಕಾಚಾರವನ್ನು ಅದು ಬಹಳ ಮಟ್ಟಿಗೆ ಹಗುರಗೊಳಿಸಿತು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ರಾಮ್-ಲಾಕ್’ ಶೋಧಕವೆಂದು ಪ್ರಸಿದ್ಧವಾದ ಈ ವಿಧಾನ ಸಿ.ಟಿ. ಸ್ಕ್ಯಾನಿಗೂ, ಬೋನ್ ಸ್ಕ್ಯಾನನ್ನು ಮೂರು ಆಯಾಮಗಳಲ್ಲಿ ತೋರಿಸುವ ಸ್ಪೆಕ್ಟ್ ಯಂತ್ರಗಳಿಗೂ ದಶಕಗಳ ಕಾಲ ಆಧಾರವಾಯಿತು. ಇತ್ತೀಚಿನ ಯಂತ್ರಗಳಲ್ಲಿ ಬೇರೆ ಗಣನಕ್ರಮಗಳು ಬಂದಿದ್ದರೂ ಬೆನ್ನುಮೂಳೆಯ ಕಲೆಯೊಂದು ಕೀಲಿನ ಸವೆತದ್ದೋ ಮೂಳೆಯ ಒಡಲಿನದೋ ಎಂದು ಬಿಡಿಸಿ ನೋಡುವ ಸಾಮರ್ಥ್ಯ ವೈದ್ಯರಿಗೆ ಮೊದಲು ದೊರೆತುದು ಇಂಥ ಗಣಿತದಿಂದಲೇ.

ಇದನ್ನು ಹೋಲುವ ಮಾರ್ಗವನ್ನು ರೇಡಿಯೊ ಖಗೋಳವಿಜ್ಞಾನದಲ್ಲಿ ರೊನಾಲ್ಡ್ ಬ್ರೇಸ್‌ವೆಲ್ ಮತ್ತು ರಿಡಲ್ ಅವರು 1967ರಲ್ಲಿಯೇ ಸೂಚಿಸಿದ್ದರು. ಆಗಸದ ಮಸುಕಾದ ಸಂಕೇತಗಳಿಂದ ಚಿತ್ರ ಕಟ್ಟುವ ಆ ವಿದ್ಯೆಗೆ ನಂದಿ ಸೀಮೆಯೂ ನೆಲೆಯಾಯಿತು. 1970ರ ದಶಕದ ಉತ್ತರಾರ್ಧದಲ್ಲಿ ಗೌರಿಬಿದನೂರಿನ ಬಳಿ 34.5 ಮೆಗಾಹರ್ಟ್ಸ್ ಆವರ್ತನದ ರೇಡಿಯೊ ದೂರದರ್ಶಕ ತಲೆಯೆತ್ತಿತು. ಅದಕ್ಕೂ ಮೊದಲೇ, 1965ರಲ್ಲಿ, ಪರಮಾಣು ಶಕ್ತಿ ಇಲಾಖೆಯು ಭೂಗರ್ಭದ ಸ್ಫೋಟಗಳನ್ನು ಪತ್ತೆಹಚ್ಚುವ ಭೂಕಂಪ ಮಾಪಕಗಳ ಸಾಲನ್ನು ಗೌರಿಬಿದನೂರಿನಲ್ಲಿ ಸ್ಥಾಪಿಸಿತ್ತು. ಭೂಮಿಯ ಒಡಲನ್ನೂ ಆಕಾಶದ ಆಳವನ್ನೂ ಆಲಿಸುವ ಉಪಕರಣಗಳು ಈ ತಾಲ್ಲೂಕಿಗೆ ಬೇಗನೆ ಬಂದವು. ಅಲ್ಲಿನ ರೈತನ ಮೂಳೆಯನ್ನು ನೋಡುವ ಉಪಕರಣ ಮಾತ್ರ ಬೆಂಗಳೂರಿನಲ್ಲಿಯೇ ಉಳಿಯಿತು.

ಮರುಕಳಿಕೆಯ ಪ್ರಶ್ನೆ

1979ರಲ್ಲಿ ರಾಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿಯೇ ಪಿ.ಎಸ್.ಎ. ಎಂಬ ಪ್ರೋಟೀನನ್ನು ಪ್ರಾಸ್ಟೇಟ್ ಅಂಗಾಂಶದಿಂದ ಶುದ್ಧೀಕರಿಸಲಾಯಿತು. 1986ರಲ್ಲಿ ಅಮೆರಿಕದಲ್ಲಿ ಮನ್ನಣೆ ಪಡೆದ ಇದರ ರಕ್ತಪರೀಕ್ಷೆ ಹಳೆಯ ಆ್ಯಸಿಡ್ ಫಾಸ್ಫಟೇಸ್ ಪರೀಕ್ಷೆಯನ್ನು ಮೂಲೆಗೆ ಸರಿಸಿತು. ಶಸ್ತ್ರಚಿಕಿತ್ಸೆಯಿಂದ ಗ್ರಂಥಿಯನ್ನು ತೆಗೆದ ಮೇಲೆ ಪಿ.ಎಸ್.ಎ. ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಅಥವಾ ಹೆಚ್ಚಾಗಿ, ಎರಡನೆಯ ಪರೀಕ್ಷೆಯಲ್ಲಿಯೂ ಅದು ದೃಢಪಟ್ಟರೆ ರೋಗ ಮರುಕಳಿಸಿದೆಯೆಂದು ಪರಿಗಣಿಸಲಾಗುತ್ತದೆ. ವಿಕಿರಣ ಚಿಕಿತ್ಸೆಯ ನಂತರವಾದರೆ ತಲುಪಿದ್ದ ಕನಿಷ್ಠ ಮಟ್ಟಕ್ಕಿಂತ 2 ನ್ಯಾನೋಗ್ರಾಂ ಏರಿಕೆಯೇ ಮಾನದಂಡ. ರೋಗಿಗೆ ನೋವಿಲ್ಲ, ಬಾಧೆಯಿಲ್ಲ. ಪ್ರಯೋಗಾಲಯದ ಚೀಟಿಯಲ್ಲಿ ಒಂದು ಅಂಕಿ ಮಾತ್ರ ಏರಿದೆ. ಈ ಸ್ಥಿತಿಯೇ ಚಿತ್ರಣಕ್ಕೆ ಅತಿ ಕಠಿಣವಾದ ಪರೀಕ್ಷೆಯಾಗಿ ಪರಿಣಮಿಸಿತು.

ಇಲ್ಲಿ ತೀರ್ಪು ತಪ್ಪಿದರೆ ಎರಡೂ ಕಡೆ ನಷ್ಟ. ರೋಗವು ಗ್ರಂಥಿಯಿದ್ದ ಜಾಗದಲ್ಲಿಯೇ ಇದ್ದರೆ ಅಲ್ಲಿಗೆ ವಿಕಿರಣ ನೀಡಿ ಗುಣಪಡಿಸುವ ಅವಕಾಶ ಇನ್ನೂ ಇರುತ್ತದೆ. ಮೂಳೆಗೆ ಹರಡಿದೆಯೆಂದು ತಪ್ಪಾಗಿ ತಿಳಿದರೆ ಆ ಅವಕಾಶವನ್ನು ಕೈಬಿಟ್ಟು, ಪುರುಷ ಹಾರ್ಮೋನನ್ನು ಜೀವನಪರ್ಯಂತ ತಡೆಯುವ ಚಿಕಿತ್ಸೆಗೆ ರೋಗಿಯನ್ನು ಒಪ್ಪಿಸಿದಂತಾಗುತ್ತದೆ. ಆ ಚಿಕಿತ್ಸೆ ಮೂಳೆಯನ್ನೇ ದುರ್ಬಲಗೊಳಿಸುವಂಥದು. ಹರಡಿದ್ದನ್ನು ಗುರುತಿಸದೆ ಹೋದರೆ ಬೆನ್ನುಹುರಿ ಒತ್ತಲ್ಪಟ್ಟು ಕಾಲಿನ ಸ್ವಾಧೀನ ತಪ್ಪುವವರೆಗೂ ರೋಗ ಮುಂದುವರಿಯಬಹುದು.

ಬೋನ್ ಸ್ಕ್ಯಾನಿಗೆ ಈ ಹಂತದಲ್ಲಿ ಎರಡು ಮಿತಿಗಳಿದ್ದವು. ಮೊದಲನೆಯದು ಸೂಕ್ಷ್ಮತೆಯ ಕೊರತೆ. ಪಿ.ಎಸ್.ಎ. 10 ನ್ಯಾನೋಗ್ರಾಂಗಿಂತ ಕಡಿಮೆಯಿರುವಾಗ ಮರುಕಳಿಕೆಯ ಸಂದರ್ಭದಲ್ಲಿ ಅದು ಹರಡುವಿಕೆಯನ್ನು ತೋರಿಸುವುದು ವಿರಳ. ಎರಡನೆಯದು ಅರ್ಥದ ಗೊಂದಲ. ಟೆಕ್ನೀಷಿಯಂ ಕ್ಯಾನ್ಸರನ್ನು ಹುಡುಕುವುದಿಲ್ಲ. ಹೊಸ ಮೂಳೆ ಕಟ್ಟುವ ಎಲ್ಲ ಜಾಗಗಳಲ್ಲಿಯೂ ಸೇರುತ್ತದೆ. ಹಳೆಯ ಮುರಿತ, ಸವೆದ ಕೀಲು ಹಾಗೂ ಫ್ಲೋರೋಸಿಸ್ ಎಲ್ಲವೂ ಅದನ್ನು ಸೆಳೆದುಕೊಳ್ಳುತ್ತವೆ. ಪ್ರಾಸ್ಟೇಟ್ ಕ್ಯಾನ್ಸರು ಅಸ್ಥಿಪಂಜರವನ್ನೆಲ್ಲ ಆವರಿಸಿದಾಗ ದ್ರವ್ಯವೆಲ್ಲ ಮೂಳೆಗೇ ಸೇರಿ, ಮೂತ್ರಪಿಂಡಗಳು ಚಿತ್ರದಲ್ಲಿ ಮಂಕಾಗುತ್ತವೆ. ಇದನ್ನು ‘ಸೂಪರ್ ಸ್ಕ್ಯಾನ್’ ಎನ್ನುತ್ತಾರೆ. ತೀವ್ರ ಫ್ಲೋರೋಸಿಸ್ ಕೂಡ ಇದೇ ಚಿತ್ರವನ್ನು ಮೂಡಿಸಬಲ್ಲದು. ರಕ್ತದಲ್ಲಿನ ಆಲ್ಕಲೈನ್ ಫಾಸ್ಫಟೇಸ್ ಎರಡರಲ್ಲಿಯೂ ಏರಬಹುದು. ಫ್ಲೋರೋಸಿಸ್‌ನಲ್ಲಿ ಹರಡಿಕೆ ಏಕರೂಪವಾಗಿದ್ದು ಕೈಕಾಲುಗಳ ಉದ್ದ ಮೂಳೆಗಳನ್ನೂ ಒಳಗೊಂಡಿರುತ್ತದೆ. ಕ್ಯಾನ್ಸರಿನಲ್ಲಿ ಅದು ಬೆನ್ನು, ಸೊಂಟಗಳಲ್ಲಿ ಅಸಮವಾಗಿ ಚದುರಿರುತ್ತದೆ. ಈ ವ್ಯತ್ಯಾಸವನ್ನು ಗುರುತಿಸಬೇಕಾದರೆ ಫ್ಲೋರೋಸಿಸ್ ಇರಬಹುದೆಂಬ ಅನುಮಾನ ಓದುಗ ವೈದ್ಯನ ಮನಸ್ಸಿನಲ್ಲಿ ಮೊದಲೇ ಮೂಡಿರಬೇಕು.

ಕಾಲಗಣನೆಯ ದೃಷ್ಟಿಯಿಂದಲೂ ಇದು ವಿಚಾರಾರ್ಹ. ಪ್ರಾಸ್ಟೇಟ್ ಕ್ಯಾನ್ಸರು ಮುಖ್ಯವಾಗಿ ಅರುವತ್ತು ದಾಟಿದವರ ರೋಗ. ಇಂದು ಆ ವಯಸ್ಸಿನಲ್ಲಿರುವ ನಂದಿ ಸೀಮೆಯ ಗ್ರಾಮಸ್ಥರು 1970ರ ದಶಕದಿಂದೀಚೆಗೆ ಕೊಳವೆ ಬಾವಿಗಳು ಹರಡಿದ ಕಾಲದಲ್ಲಿ ಬೆಳೆದು ದುಡಿದವರು. ಹಳ್ಳಿಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದುದು ತೀರ ಈಚೆಗೆ. ಮೂಳೆಯು ಒಮ್ಮೆ ಹಿಡಿದಿಟ್ಟ ಫ್ಲೋರೈಡನ್ನು ಬಹಳ ನಿಧಾನವಾಗಿ ಬಿಟ್ಟುಕೊಡುತ್ತದೆ. ಹೀಗಾಗಿ ಇಂದಿನ ಶುದ್ಧ ನೀರು ಅಂದಿನ ನೀರಿನ ಗುರುತನ್ನು ಅಳಿಸಲಾರದು.

ಪ್ರತಿಕ್ರಿಯೆಯಿಂದ ರೋಗದೆಡೆಗೆ

ಕ್ಯಾನ್ಸರಿನ ಜೀವಕೋಶವನ್ನೇ ಗುರುತಿಸುವ ಮಾರ್ಗ 1987ರಲ್ಲಿ ತೆರೆದುಕೊಂಡಿತು. ಹೊರೊಶೆವಿಚ್ ಮತ್ತು ಸಂಗಡಿಗರು ಪ್ರಾಸ್ಟೇಟ್ ಜೀವಕೋಶದ ಪೊರೆಗೆ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ವರದಿ ಮಾಡಿದರು. ಆ ಪೊರೆಯ ಪ್ರೋಟೀನಿಗೆ ಪಿ.ಎಸ್.ಎಂ.ಎ. ಎಂಬ ಹೆಸರು ಬಂದಿತು. ಇದನ್ನು ಆಧರಿಸಿ 1996ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಮೊದಲ ಚಿತ್ರಣದ್ರವ್ಯ ಜೀವಕೋಶದ ಒಳಭಾಗಕ್ಕೆ ಅಂಟುತ್ತಿದ್ದುದರಿಂದ ಮೂಳೆಯಲ್ಲಿನ ಜೀವಂತ ಗಡ್ಡೆಗಳನ್ನು ತೋರಿಸುವಲ್ಲಿ ಸೋತಿತು. 2011ರ ಸುಮಾರಿಗೆ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಗ್ಯಾಲಿಯಂ-68 ಜೋಡಿಸಿದ ಪುಟ್ಟ ಅಣುವೊಂದು ಪೆಟ್ ಚಿತ್ರಣಕ್ಕೆ ಬಂದಿತು. ಅದು ಜೀವಕೋಶದ ಹೊರಭಾಗಕ್ಕೇ ಅಂಟುವಂಥದು. ಅಮೆರಿಕದಲ್ಲಿ ಇದಕ್ಕೆ 2020ರ ಡಿಸೆಂಬರಿನಲ್ಲಿ ಮನ್ನಣೆ ದೊರೆಯಿತು.

ಮರುಕಳಿಸಿದ ರೋಗದ 635 ಮಂದಿಯ ಮೇಲೆ ಕ್ಯಾಲಿಫೋರ್ನಿಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿ.ಎಸ್.ಎ. 0.5ಕ್ಕಿಂತ ಕಡಿಮೆಯಿದ್ದವರಲ್ಲಿಯೂ ಶೇಕಡಾ 38ರಷ್ಟು ಮಂದಿಯಲ್ಲಿ ರೋಗದ ನೆಲೆ ಪತ್ತೆಯಾಯಿತು. 5 ಅಥವಾ ಹೆಚ್ಚಿದ್ದವರಲ್ಲಿ ಈ ಪ್ರಮಾಣ ಶೇಕಡಾ 97. ಮೊದಲ ಚಿಕಿತ್ಸೆಗೆ ಮುನ್ನ, ಹೆಚ್ಚಿನ ಅಪಾಯದಲ್ಲಿದ್ದ 302 ಮಂದಿಯನ್ನು ಒಳಗೊಂಡು ಆಸ್ಟ್ರೇಲಿಯಾದಲ್ಲಿ ನಡೆದ ಇನ್ನೊಂದು ಪ್ರಯೋಗದ ಫಲಿತಾಂಶ 2020ರಲ್ಲಿ ಬಂದಿತು. ಅದರಲ್ಲಿ ಸಿ.ಟಿ. ಹಾಗೂ ಬೋನ್ ಸ್ಕ್ಯಾನ್ ಕೂಡಿದರೂ ನಿಖರತೆ ಶೇಕಡಾ 65 ಆಗಿದ್ದರೆ ಪಿ.ಎಸ್.ಎಂ.ಎ. ಪೆಟ್ ಚಿತ್ರಣದ ನಿಖರತೆ ಶೇಕಡಾ 92 ಆಗಿತ್ತು.

ಈ ಚಿತ್ರಣವೂ ದೋಷರಹಿತವಲ್ಲ. ವಾಸಿಯಾಗುತ್ತಿರುವ ಮುರಿತ, ಪೇಜೆಟ್ ರೋಗ ಮುಂತಾದ ಕ್ಯಾನ್ಸರೇತರ ಸ್ಥಿತಿಗಳಲ್ಲಿಯೂ ಅಲ್ಪಸ್ವಲ್ಪ ದ್ರವ್ಯ ಸೇರುತ್ತದೆ. ಫ್ಲೋರಿನ್-18 ಜೋಡಿಸಿದ ಕೆಲವು ಪಿ.ಎಸ್.ಎಂ.ಎ. ದ್ರವ್ಯಗಳು ಪಕ್ಕೆಲುಬಿನಲ್ಲಿ ಅರ್ಥವಿಲ್ಲದ ಚುಕ್ಕೆಗಳನ್ನು ತೋರಿಸುವುದು ಈಗ ಸುಪರಿಚಿತ. ಪಿ.ಎಸ್.ಎಂ.ಎ.ಯನ್ನು ಹೊರಸೂಸದ ಕ್ಯಾನ್ಸರುಗಳೂ ಇವೆ. ಸಂದೇಹ ಉಳಿದಾಗ ಎಂ.ಆರ್.ಐ. ಅಥವಾ ಮೂಳೆಯ ಚೂರನ್ನು ತೆಗೆದು ಮಾಡುವ ಪರೀಕ್ಷೆಯೇ ಗತಿ. ಆದರೂ ಮೂಳೆಯ ಪ್ರತಿಕ್ರಿಯೆಯನ್ನು ಆಶ್ರಯಿಸದೆ ರೋಗವನ್ನೇ ಅರಸುವ ಈ ಮಾರ್ಗದ ಪ್ರಯೋಜನ ಫ್ಲೋರೈಡ್ ಪ್ರದೇಶದ ರೋಗಿಗೆ ಉಳಿದವರಿಗಿಂತ ಹೆಚ್ಚು.

ದೂರ ಮತ್ತು ದಾಖಲೆ

ಗ್ಯಾಲಿಯಂ-68ರ ಅರ್ಧಾಯುಷ್ಯ ಕೇವಲ 68 ನಿಮಿಷ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಸುಮಾರು 60 ಕಿಲೋಮೀಟರ್. ಗೌರಿಬಿದನೂರು, ಚಿಂತಾಮಣಿಗಳಿಂದ ಇನ್ನೂ ಹೆಚ್ಚು. ದ್ರವ್ಯ ರೋಗಿಯ ಬಳಿಗೆ ಬರುವುದು ಕಷ್ಟವಾದುದರಿಂದ ರೋಗಿಯೇ ದ್ರವ್ಯದ ಬಳಿಗೆ ಹೋಗುವ ವ್ಯವಸ್ಥೆ ಬೇರೂರಿತು. ಮರುಕಳಿಕೆ ಎಂಬುದು ಒಂದು ದಿನದ ಪರೀಕ್ಷೆಯಲ್ಲ. ವರ್ಷಗಟ್ಟಲೆ ಮತ್ತೆಮತ್ತೆ ಮಾಡಬೇಕಾದ ಪ್ರಯಾಣ. 2020ರ ದಶಕದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿಯೇ ವೈದ್ಯಕೀಯ ಶಿಕ್ಷಣ ಕಾಲೂರಿದೆ. 2023ರ ಮಾರ್ಚಿನಲ್ಲಿ ಮುದ್ದೇನಹಳ್ಳಿಯಲ್ಲಿ ವೈದ್ಯಕೀಯ ಕಾಲೇಜೊಂದು ಉದ್ಘಾಟನೆಗೊಂಡಿತು. ಸ್ಥಳೀಯವಾಗಿ ತರಬೇತಿ ಪಡೆದ ವೈದ್ಯರಿಗೆ ಈ ನೆಲದ ನೀರಿನ ಪರಿಚಯವಿರುವುದೂ ಒಂದು ಸಂಪತ್ತೇ ಸರಿ.

ದಾಖಲೆಯ ವಿಷಯದಲ್ಲಿಯೂ ಒಂದು ಅಂತರ ಉಳಿದಿದೆ. 1982ರಿಂದ ಕಿದ್ವಾಯಿ ಸಂಸ್ಥೆಯಲ್ಲಿ ನಡೆದುಬಂದ ಬೆಂಗಳೂರಿನ ಜನಸಂಖ್ಯಾಧಾರಿತ ಕ್ಯಾನ್ಸರ್ ನೋಂದಣಿಯು ದೇಶದ ಹಳೆಯ ನೋಂದಣಿಗಳಲ್ಲಿ ಒಂದು. ನಗರದ ಗಂಡಸರಲ್ಲಿ ಪ್ರಾಸ್ಟೇಟ್ ಕ್ಯಾನ್ಸರು ಪ್ರಮುಖ ಕ್ಯಾನ್ಸರುಗಳ ಸಾಲಿಗೆ ಏರಿರುವುದು ತಿಳಿದುಬಂದುದು ಇದರಿಂದಲೇ. ಆದರೆ ಅದರ ವ್ಯಾಪ್ತಿ ಬೆಂಗಳೂರು ನಗರ ಪ್ರದೇಶ. ನಂದಿ ಸೀಮೆಯ ಹಳ್ಳಿಗಳು ಅದರ ಹೊರಗೆ ಉಳಿದವು. ಇತ್ತ ಜಿಲ್ಲೆಯ ಫ್ಲೋರೈಡ್ ಪರೀಕ್ಷೆಗಳ ಅಂಕಿಗಳು ಕುಡಿಯುವ ನೀರು ಹಾಗೂ ಅಂತರ್ಜಲ ಇಲಾಖೆಗಳ ಕಡತಗಳಿಗೆ ಸೇರಿದವು. ಒಬ್ಬನೇ ವ್ಯಕ್ತಿಯ ಮೂಳೆಗೆ ಸಂಬಂಧಿಸಿದ ಎರಡು ದಾಖಲೆಗಳು ಎರಡು ಬೇರೆ ಕಚೇರಿಗಳಲ್ಲಿ ಬೆಳೆದವು.

ರೆಕ್ಲಿಂಗ್‌ಹೌಸನ್‌ನಿಂದ ಪೆಟ್ ಚಿತ್ರಣದವರೆಗಿನ ಈ ಚರಿತ್ರೆಯಲ್ಲಿ ಉಪಕರಣದ ಕಣ್ಣು ಮತ್ತೆಮತ್ತೆ ಹರಿತಗೊಂಡಿದೆ. ಆದರೂ ಪ್ರತಿಯೊಂದು ಹಂತದಲ್ಲಿಯೂ ಚಿತ್ರವನ್ನು ಓದುವವನ ತಿಳಿವಳಿಕೆಯೇ ಕಡೆಯ ತೀರ್ಪನ್ನು ನೀಡಿದೆ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನೊಬ್ಬ ಬೆಂಗಳೂರಿನ ಆಸ್ಪತ್ರೆಗೆ ಬೋನ್ ಸ್ಕ್ಯಾನಿಗೆ ಬಂದಾಗ, ಆತನ ಪಿ.ಎಸ್.ಎ. ಅಂಕಿಯ ಪಕ್ಕದಲ್ಲಿ ಆತನ ಊರಿನ ಹೆಸರೂ, ಎಷ್ಟು ವರ್ಷ ಯಾವ ಬಾವಿಯ ನೀರನ್ನು ಕುಡಿದನೆಂಬುದೂ ಕೋರಿಕೆ ಚೀಟಿಯಲ್ಲಿ ಬರೆಯಲ್ಪಟ್ಟರೆ ಆ ಓದು ಸರಿಯಾದ ದಾರಿಯಲ್ಲಿ ಆರಂಭವಾಗುತ್ತದೆ. ಇದಕ್ಕೆ ಯಂತ್ರವೂ ಬೇಡ, ಹಣವೂ ಬೇಡ. ಒಂದು ಸಾಲು ಬರವಣಿಗೆ ಸಾಕು.